ವಯಸ್ಸಿನ ಮೇಲೆ ಹೊರಿಸಿದ ತಪ್ಪು

ಪಂಚಾಂಗ ನೋಡದೆಯೇ ಏಕಾದಶಿ ಎಂದೆಂದು ಹೇಳಬಲ್ಲವರಾಗಿದ್ದ ನನ್ನ ತಾಯಿಯವರು ಐವತ್ತೊಂದನೆಯ ವಯಸ್ಸಿನಲ್ಲಿ ಒಲೆಯ ಮೇಲಿಟ್ಟ ಹಾಲನ್ನು ಮರೆಯತೊಡಗಿದರು. ಹಗಲೆಲ್ಲ ತೂಕಡಿಕೆ, ಮುಖದಲ್ಲಿ ಬಾವು, ಬಾಚಣಿಗೆಯ ತುಂಬ ಕೂದಲು. ಮುಟ್ಟು ನಿಲ್ಲುತ್ತಿದ್ದ ಕಾಲವದು. “ಎಲ್ಲ ಹೆಂಗಸರಿಗೂ ಇದ್ದದ್ದೇ ಅಮ್ಮ, ವಯಸ್ಸಾಯಿತಲ್ಲ” ಎಂದು ಸಮಾಧಾನ ಹೇಳಿದವನು ನಾನೇ. ಆ ಸಮಾಧಾನದಲ್ಲಿ ಒಂದು ವರ್ಷ ಕಳೆಯಿತು. ಧ್ವನಿಯೂ ಗೊಗ್ಗರಾದ ಮೇಲೆ ವೈದ್ಯರಲ್ಲಿಗೆ ಕರೆದೊಯ್ದೆ.

ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿಯು ಹಲವು ಸ್ತ್ರೀಯರಲ್ಲಿ ಋತುಬಂಧದ ವಯಸ್ಸಿನಲ್ಲಿಯೇ ಮಂದವಾಗುತ್ತದೆ. ಆಯಾಸ, ಮರೆವು, ತೂಕದ ಏರಿಕೆ, ಮನಸ್ಸಿನ ಖಿನ್ನತೆ ಇವು ಎರಡಕ್ಕೂ ಸಮಾನವಾದ್ದರಿಂದ ಒಂದು ಇನ್ನೊಂದರ ಸೆರಗಿನಲ್ಲಿ ಅಡಗಿಕೊಳ್ಳುತ್ತದೆ. ಆದರೆ ಋತುಬಂಧವು ಮೈ ಕಾವೇರಿಸಿ ಬೆವರಿಸುವುದು. ಥೈರಾಯ್ಡ್ ಕುಂದಿದರೆ ಚಳಿ. ವೈಶಾಖದಲ್ಲಿಯೂ ತಾಯಿಯವರು ಶಾಲು ಹೊದ್ದಿದ್ದುದನ್ನು ನೋಡಿಯೂ ನಾನು ಯೋಚಿಸಲಿಲ್ಲ! ಗ್ರಂಥಿಯು ಅತಿಯಾಗಿ ಕೆಲಸ ಮಾಡಿದರೆ ಬೆವರು, ಎದೆಬಡಿತಗಳೇ ಬಂದು ಗೊಂದಲ ಇನ್ನೂ ಹೆಚ್ಚುವುದುಂಟು. ಆದ್ದರಿಂದ ಲಕ್ಷಣಗಳನ್ನು ನಂಬಿ ಕೂಡದೆ ರಕ್ತದಲ್ಲಿ ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕು.

1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ವೈದ್ಯ ಜಾರ್ಜ್ ಮರ್ರೆಯವರು ಈ ವ್ಯಾಧಿಯಿಂದ ಬಳಲುತ್ತಿದ್ದ 46 ವರ್ಷದ ಮಹಿಳೆಯೊಬ್ಬರಿಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿ ನೀಡಿದರು. ಆಕೆ ಮತ್ತೆ 28 ವರ್ಷ ಬದುಕಿದರು. ಇಂದು ಕುರಿಯ ಹಂಗಿಲ್ಲ. ಸಣ್ಣದೊಂದು ಥೈರಾಕ್ಸಿನ್ ಮಾತ್ರೆ ಸಾಕು.

ಮಾತ್ರೆ ನುಂಗುವುದು ಸುಲಭ, ಅದರ ನಿಯಮ ಸುಲಭವಲ್ಲ. ಬರಿಹೊಟ್ಟೆಯಲ್ಲಿ ನೀರಿನೊಡನೆ ಸೇವಿಸಿ, ಅರ್ಧದಿಂದ ಒಂದು ಗಂಟೆಯವರೆಗೆ ಕಾಫಿಯನ್ನು ಮುಟ್ಟಬಾರದು. ನಮ್ಮ ಮನೆಯಲ್ಲಿ ಕಲಹವೆದ್ದದ್ದು ಇಲ್ಲಿಯೇ! ಮೂಳೆಗೆಂದು ಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನೂ ತಾಯಿಯವರು ಜೊತೆಯಲ್ಲಿಯೇ ನುಂಗುತ್ತಿದ್ದರು. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗಳು ಥೈರಾಕ್ಸಿನ್ ಮೈಗೆ ಹತ್ತದಂತೆ ತಡೆಯುತ್ತವೆ. ನಡುವೆ 4 ಗಂಟೆಗಳ ಅಂತರವಿರಬೇಕು. ಬೇಗ ಗುಣವಾಗಲೆಂದು ತಾವಾಗಿಯೇ ಪ್ರಮಾಣ ಹೆಚ್ಚಿಸಿಕೊಳ್ಳುವವರೂ ಇದ್ದಾರೆ. ಋತುಬಂಧದ ಅನಂತರ ಮೊದಲೇ ಸವೆಯುವ ಮೂಳೆ ಇದರಿಂದ ಇನ್ನಷ್ಟು ಸವೆಯುತ್ತದೆ, ಹೃದಯದ ಬಡಿತವೂ ತಪ್ಪಬಹುದು. ವೈದ್ಯರು ಪ್ರಮಾಣ ಬದಲಿಸಿದಾಗ 6ರಿಂದ 8 ವಾರಗಳಲ್ಲಿ ರಕ್ತವನ್ನು ಮತ್ತೆ ಪರೀಕ್ಷಿಸುವುದು ವಾಡಿಕೆ.

ಈಗ ತಾಯಿಯವರು ಐದು ಗಂಟೆಗೆ ಎದ್ದು ಮಾತ್ರೆ ನುಂಗಿ, ರಂಗೋಲಿ ಮುಗಿಸಿ, ಗಡಿಯಾರ ನೋಡಿ ಡಿಕಾಕ್ಷನ್ ಇಳಿಸುತ್ತಾರೆ. ಶಾಲು ಪೆಟ್ಟಿಗೆ ಸೇರಿದೆ. ರಾತ್ರಿಯ ಬೆವರು ಮಾತ್ರ ಹೋಗಿಲ್ಲ. “ಅದು ಥೈರಾಯ್ಡಿನದಲ್ಲಪ್ಪ, ಅದೇ ನಿಜವಾಗಿ ವಯಸ್ಸಿನದು” ಎಂದು ನನಗೇ ಪಾಠ ಹೇಳುತ್ತಾರೆ.