ಸುಟ್ಟ ಚರ್ಮವು ಮರಳಿ ಚಿಗುರೀತೆ?

ಹೋಟೆಲಿನ ಒಲೆಯ ಮುಂದೆ ದುಡಿಯುವ ನಮ್ಮ ಬಾಂಧವರಿಗೆ ಬೆಂಕಿಯೇ ಅನ್ನದಾತ. ಕೆಲವೊಮ್ಮೆ ಅದೇ ವೈರಿಯೂ ಆಗುವುದು. ಪತ್ರಿಕೆಗೆ ಕೈಹಾಕುವ ಮುನ್ನ ನಾವು ದಿವಾದಲ್ಲಿ ಹೋಟೆಲು ನಡೆಸುತ್ತಿದ್ದಾಗ, ಒಂದು ಬೆಳಿಗ್ಗೆ ಕುದಿಯುವ ಸಾಂಬಾರಿನ ಪಾತ್ರೆ ಜಾರಿ ಒಬ್ಬ ಮಾಣಿಯ ತೋಳು ಬೆಂದುಹೋಯಿತು. ಗಾಬರಿಯಲ್ಲಿ ನಾವು ಅದಕ್ಕೆ ಹಲ್ಲುಜ್ಜುವ ಪೇಸ್ಟು ಬಳಿದೆವು. "ನಿಮ್ಮ ಹೋಟೆಲಿನಲ್ಲಿ ನಲ್ಲಿ ಇರಲಿಲ್ಲವೆ?" ಎಂದು ವೈದ್ಯರು ಕೇಳಿದಾಗ ತಲೆ ತಗ್ಗಿಸಿದೆವು.

ಚರ್ಮದ ಮೇಲ್ಪದರವಷ್ಟೇ ಬೆಂದರೆ ಕೆಲವು ದಿನಗಳಲ್ಲಿ ಹೊಸದು ಹುಟ್ಟುತ್ತದೆ. ಒಳಪದರದಲ್ಲಿರುವ ಕೂದಲ ಬುಡಗಳೂ ಬೆವರಿನ ಗ್ರಂಥಿಗಳೂ ಅದಕ್ಕೆ ಬೀಜವಿದ್ದಂತೆ. ಅವೂ ಸುಟ್ಟುಹೋದರೆ ಗಾಯದ ಅಂಚಿನಿಂದ ಮಾತ್ರ ಚರ್ಮವು ತೆವಳಿ ಬರಬೇಕು. ಆಗ ಶಸ್ತ್ರವೈದ್ಯರು ರೋಗಿಯ ತೊಡೆಯಿಂದ ತೆಳುವಾದ ಪದರವನ್ನು ತೆಗೆದು ಅಲ್ಲಿಗೆ ಹಚ್ಚುತ್ತಾರೆ. ಆದರೆ ಮೈಯೆಲ್ಲ ಬೆಂದವನಿಗೆ ಚರ್ಮವನ್ನು ಎಲ್ಲಿಂದ ತರುವುದು?

ಈ ಪ್ರಶ್ನೆಗೆ ಒಂದು ದಾರಿ ತೋರಿದವರು ಅಮೆರಿಕೆಯ ಹೊವಾರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್. ಚರ್ಮದ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವ ವಿಧಾನವನ್ನು ಅವರು 1975ರಲ್ಲಿ ಪ್ರಕಟಿಸಿದರು. 1981ರಲ್ಲಿ ಅದು ಸುಟ್ಟಗಾಯದ ರೋಗಿಗಳಿಗೆ ಒದಗಿತು. ಒಂದು ಚಮಚ ಹೆಪ್ಪಿನಿಂದ ಹಂಡೆ ಹಾಲು ಮೊಸರಾಗುವಂತೆ, ಅಂಚೆಚೀಟಿಯಷ್ಟು ಚರ್ಮದಿಂದ ದೊಡ್ಡ ಹಾಳೆಗಳೇ ಬೆಳೆಯುತ್ತವೆ. ಆದರೆ ಅದಕ್ಕೆ ಮೂರು ನಾಲ್ಕು ವಾರ ಬೇಕು, ವೆಚ್ಚವೂ ಅಪಾರ, ದೊರೆಯುವುದು ಮೇಲ್ಪದರ ಮಾತ್ರ.

ಅಲ್ಲಿಯವರೆಗೆ ಗಾಯವನ್ನು ಮುಚ್ಚದಿದ್ದರೆ ಮೈಯ ನೀರು ಸೋರಿ, ನಂಜೇರಿ, ಜೀವವೇ ಹೋದೀತು. ಇಲ್ಲಿ ನೆರವಾಗುವುದು ಚರ್ಮ ಬ್ಯಾಂಕು. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಇದು 2000ದಲ್ಲಿ ಆರಂಭವಾಯಿತು. ದಿವಾದವರು ಥಾಣೆಯಲ್ಲಿ ಗಾಡಿ ಬದಲಿಸಿದರೆ ತಲಪುವ ಐರೋಳಿಯ ನ್ಯಾಷನಲ್ ಬರ್ನ್ಸ್ ಸೆಂಟರಿನಲ್ಲಿಯೂ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿಯೂ ಚರ್ಮ ಬ್ಯಾಂಕುಗಳಿವೆ. ಮೃತರ ತೊಡೆ, ಕಾಲು, ಬೆನ್ನುಗಳಿಂದ ಆರು ಗಂಟೆಯೊಳಗೆ ತೆಳುಪದರವನ್ನು ತೆಗೆದು, ಗ್ಲಿಸರಿನ್ನಿನಲ್ಲಿಟ್ಟು ಐದು ವರ್ಷದವರೆಗೆ ಕಾಪಾಡುತ್ತಾರೆ. ರಕ್ತದ ಗುಂಪು ಹೊಂದಬೇಕಾಗಿಲ್ಲ. ದೇಹವು ವಿಕಾರಗೊಳ್ಳುವುದೂ ಇಲ್ಲ. ದಾನದ ಚರ್ಮವು ರೋಗಿಯ ಮೈಯಲ್ಲಿ ಶಾಶ್ವತವಾಗಿ ನಿಲ್ಲದು. ಕೆಲವು ವಾರಗಳಲ್ಲಿ ಉದುರಿಹೋಗುತ್ತದೆ. ಅಷ್ಟರಲ್ಲಿ ರೋಗಿಯ ಸ್ವಂತ ಚರ್ಮವನ್ನು ಹಚ್ಚಲು ಕಾಲ ದೊರೆಯುತ್ತದೆ. ಆ ಕೆಲವು ವಾರಗಳೇ ಒಂದು ಜೀವದ ಬೆಲೆ.

ವಾಚಕರಲ್ಲಿ ನಮ್ಮ ಬಿನ್ನಹ ಎರಡೇ. ಮೈ ಬೆಂದ ಕೂಡಲೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಹರಿಸಿರಿ. ಮಂಜುಗಡ್ಡೆ, ಪೇಸ್ಟು, ಹಿಟ್ಟು, ಶಾಯಿ ಯಾವುದೂ ಬೇಡ. ದೊಡ್ಡ ಗಾಯವಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಎರಡನೆಯದಾಗಿ, ಚರ್ಮದಾನದ ಇಚ್ಛೆಯನ್ನು ಮನೆಯವರಿಗೆ ಇಂದೇ ತಿಳಿಸಿರಿ; ಸಾವಿನ ಮನೆಯಲ್ಲಿ ಆರು ಗಂಟೆ ಬೇಗನೆ ಕಳೆಯುತ್ತದೆ.

ಆ ಮಾಣಿ ಈಗ ಊರಿನಲ್ಲಿ ಸ್ವಂತ ಕ್ಯಾಂಟೀನು ನಡೆಸುತ್ತಾನೆ. ಬೇಸಗೆಯಲ್ಲಿಯೂ ಅವನು ತೊಡುವುದು ಉದ್ದ ತೋಳಿನ ಅಂಗಿ. ಕಂಡಾಗಲೆಲ್ಲ ಅವನು ನಗುತ್ತಾನೆ. ನಮ್ಮ ಕಣ್ಣು ಮಾತ್ರ ಆ ತೋಳಿನ ಮೇಲೆಯೇ ಇರುತ್ತದೆ. ನಾವು ನಮ್ಮ ಮನೆಯವರಿಗೆ ಹೇಳಿದ್ದಾಗಿದೆ.