ಗೋಡೆಯ ಮೇಲಿನ ಆ ಜೇಡ ಯಾವುದು?



ರಾತ್ರಿ ಬಚ್ಚಲುಮನೆಯ ದೀಪ ಹಾಕುತ್ತೀರಿ. ಅಂಗೈಯಗಲದ ಕಂದುಬಣ್ಣದ ಜೇಡವೊಂದು ಗೋಡೆಗೆ ಅಂಟಿಕೊಂಡಂತೆ ಕುಳಿತಿರುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಹೆಂಚಿನ ಮನೆಯಿರಲಿ, ತಾರಸಿ ಮನೆಯಿರಲಿ, ಇದನ್ನು ನೋಡದವರು ಕಡಿಮೆ. ಹಾಗಿದ್ದರೂ ‘ವಿಷದ್ದೇ?’ ಎಂಬ ಒಂದೇ ಪ್ರಶ್ನೆ ಕೇಳಿ ಹೊಡೆದು ಹಾಕುವವರೇ ಹೆಚ್ಚು. ಅದರ ಹೆಸರು ಕೇಳುವವರಿಲ್ಲ.

ಜೇಡ ಕೀಟವಲ್ಲ ಎಂಬುದನ್ನು ನೀವು ಪಠ್ಯದಲ್ಲಿ ಓದಿದ್ದೀರಿ. ಕೀಟಕ್ಕೆ ಆರು ಕಾಲು, ಮೂರು ಭಾಗದ ಮೈ, ಮೀಸೆ. ಜೇಡಕ್ಕೆ ಎಂಟು ಕಾಲು, ಎರಡೇ ಭಾಗದ ಮೈ; ಮೀಸೆಯಿಲ್ಲ.

ಬಚ್ಚಲಿನ ಆ ದೊಡ್ಡ ಜೇಡದ ಶಾಸ್ತ್ರೀಯ ಹೆಸರು ಹೆಟೆರೊಪೋಡ ವೆನಟೋರಿಯ. 1767ರಲ್ಲಿ ಲಿನೇಯಸ್ ಇದನ್ನು ವರ್ಣಿಸಿ ಹೆಸರಿಟ್ಟ. ಎರಡನೆಯ ಪದಕ್ಕೆ ಬೇಟೆಗೆ ಸಂಬಂಧಿಸಿದ್ದು ಎಂದರ್ಥ; ನಾವು ಇದನ್ನು ಬೇಟೆಜೇಡ ಎನ್ನೋಣ. ಹಡಗುಗಳ ಸರಕಿನೊಡನೆ ಪ್ರಯಾಣ ಮಾಡಿ ಇದು ಇಂದು ಭೂಮಿಯ ಉಷ್ಣವಲಯದ ಉದ್ದಗಲಕ್ಕೂ ಹರಡಿದೆ. ಮೈಯ ಉದ್ದ 2ರಿಂದ 3 ಸೆಂ.ಮೀ. ಅಷ್ಟೆ. ಆದರೆ ಕಾಲು ಚಾಚಿದರೆ 10 ಸೆಂ.ಮೀ. ಮುಟ್ಟುತ್ತದೆ. ನಮ್ಮ ಹೆದರಿಕೆಗೆ ಕಾರಣ ಈ ಕಾಲುಗಳೇ. ಏಡಿಯ ಕಾಲಿನಂತೆ ಅವು ಪಕ್ಕಕ್ಕೆ ಚಾಚಿರುವುದರಿಂದ, ಚಪ್ಪಟೆ ಮೈಯ ಈ ಪ್ರಾಣಿ ಬಾಗಿಲ ಸಂದಿಯಲ್ಲೂ ಕ್ಯಾಲೆಂಡರಿನ ಹಿಂದೆಯೂ ಸುಲಭವಾಗಿ ನುಸುಳಬಲ್ಲದು. ಬೇಟೆಗಾಗಿ ಇದು ಬಲೆ ಕಟ್ಟುವುದಿಲ್ಲ. ಹೊಂಚು ಹಾಕಿ ಒಮ್ಮೆಲೇ ಎರಗುತ್ತದೆ. ಜಿರಳೆ ಇದರ ಮೆಚ್ಚಿನ ಊಟ. ಆದ್ದರಿಂದ ಮೂಲೆಯ ಬಲೆಗೂ ಅಡುಗೆಮನೆಯ ಇಲ್ಲಣಕ್ಕೂ ಇದನ್ನು ದೂರುವುದು ಅನ್ಯಾಯ.

ಹೆಣ್ಣು ಮೊಟ್ಟೆಗಳನ್ನು ನೂಲಿನಿಂದ ಸುತ್ತಿ, ನಾಣ್ಯದಂಥ ಚಪ್ಪಟೆ ಬಿಳಿ ಬಿಲ್ಲೆ ಮಾಡಿ, ಎದೆಯ ಕೆಳಗೆ ಅವುಚಿಕೊಂಡು ತಿರುಗುತ್ತದೆ. ಗುರುತು ಹಿಡಿಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಗದ್ದೆ ಬದುವಿನಲ್ಲಿ ಓಡಾಡುವ ತೋಳಜೇಡದ ತಾಯಿ ಮೊಟ್ಟೆಯ ಗುಂಡನ್ನು ಹೊಟ್ಟೆಯ ಹಿಂತುದಿಗೆ ಅಂಟಿಸಿಕೊಂಡಿರುತ್ತದೆ, ಮರಿಗಳಾದ ಮೇಲೆ ಬೆನ್ನ ಮೇಲೆ ಹೊರುತ್ತದೆ. ಅಟ್ಟದ ಮೂಲೆಯಲ್ಲಿ ತಲೆಕೆಳಗಾಗಿ ತೂಗುವ, ಕೂದಲಿನಂಥ ಉದ್ದ ಕಾಲಿನ ಜೇಡದ ತಾಯಿ ಬಾಯಲ್ಲೇ ಕಚ್ಚಿಕೊಂಡಿರುತ್ತದೆ. ಎದೆ, ಬಾಲ, ಬಾಯಿ: ಮೂರು ಕುಟುಂಬಗಳು ಬೇರೆಯಾದವು. ಆ ಉದ್ದ ಕಾಲಿನದನ್ನು ಮೆಲ್ಲಗೆ ಊದಿ ನೋಡಿ; ಮೈ ಮಸುಕಾಗಿ ಕಾಣುವಷ್ಟು ವೇಗವಾಗಿ ಬಲೆಯೊಡನೆ ಅಲುಗಾಡುತ್ತದೆ. ಕಿಟಕಿಯ ಬಳಿ ಹಗಲಲ್ಲೇ ಕುಪ್ಪಳಿಸುವ ಪುಟ್ಟ ಜೇಡ ಇನ್ನೊಂದು ಕುಟುಂಬದ್ದು. ಅದರ ಎಂಟು ಕಣ್ಣುಗಳಲ್ಲಿ ಮುಂದಿನೆರಡು ದೀಪದಂತೆ ದೊಡ್ಡವು. ಭೂತಗನ್ನಡಿ ಹಿಡಿದರೆ ಅದೂ ನಿಮ್ಮತ್ತ ತಿರುಗಿ ನೋಡುತ್ತದೆ.

ಕೆಲವೊಮ್ಮೆ ಅಟ್ಟದಲ್ಲಿ ಸತ್ತ ಬೇಟೆಜೇಡ ಸಿಕ್ಕಿತೆಂದು ಎತ್ತಿಕೊಂಡರೆ ಅದು ಟೊಳ್ಳಾಗಿರುತ್ತದೆ. ಬೆಳೆಯುವಾಗ ಕಳಚಿಟ್ಟ ಪೊರೆ ಅದು. ನೋಟ್‌ಪುಸ್ತಕಕ್ಕೆ ಅಂಟಿಸಿಡಲು ಒಳ್ಳೆಯ ವಸ್ತು. ಜೇಡದ ಚಿತ್ರ ತೆಗೆಯುವವರು ಪಕ್ಕದಲ್ಲೊಂದು ನಾಣ್ಯವನ್ನೋ ಅಳತೆಪಟ್ಟಿಯನ್ನೋ ಇರಿಸಬೇಕು. ನಮ್ಮ ಕ್ಯಾಮೆರಾ ಹತ್ತಿರದಿಂದ ತೋರಿಸಿದಾಗ ಬಟಾಣಿಯಷ್ಟರ ಜೇಡವೂ ಪರದೆ ತುಂಬುತ್ತದೆ. ಅದನ್ನು ನಂಬಿ ಗಾತ್ರ ಹೇಳಬಾರದು.

ಇನ್ನು ವಿಷದ ಮಾತು. ಬಹುಪಾಲು ಎಲ್ಲ ಜೇಡಗಳಿಗೂ ವಿಷವಿದೆ, ಕೀಟವನ್ನು ಕೊಲ್ಲುವಷ್ಟು. ಬೇಟೆಜೇಡವನ್ನು ಕೈಯಲ್ಲಿ ಹಿಸುಕಿದರೆ ಕಚ್ಚೀತು, ನೋವು, ಬಾವು ಬಂದೀತು, ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಜೇಡದ ಮೇಲೆ ಹೊರಿಸುವ ಸುಳ್ಳು ಆಪಾದನೆಗಳಿಂದ ಅಪಾಯವಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಬೆಳಗ್ಗೆ ಎದ್ದಾಗ ಕತ್ತಿನ ಮೇಲೆ ಉರಿಯುವ ಕೆಂಪು ಗೆರೆ, ಅದರಲ್ಲಿ ಗುಳ್ಳೆ. ‘ಜೇಡ ಹರಿದಿದೆ’ ಎನ್ನುತ್ತಾರೆ. ಇದು ಅನೇಕ ಸಲ ಪೆಡೆರಸ್ ಎಂಬ, ಕೆಂಪು–ಕಪ್ಪು ಪಟ್ಟೆಯ, ಇರುವೆಯಂಥ ಸಣ್ಣ ದುಂಬಿಯ ಕೆಲಸ. ಭತ್ತದ ಗದ್ದೆಯಂಥ ತೇವದ ಜಾಗ ಅದಕ್ಕೆ ಇಷ್ಟ. ರಾತ್ರಿ ದೀಪಕ್ಕೆ ಬರುತ್ತದೆ. ನಾಲೆ ಬಯಲಿನ ಊರುಗಳವರು ಇದನ್ನು ನೆನಪಿಡಬೇಕು. ಅದು ಕಚ್ಚುವುದಿಲ್ಲ. ಮೈಮೇಲೆ ಕುಳಿತಾಗ ನಾವು ಉಜ್ಜಿದರೆ ಅದರ ರಸದಲ್ಲಿರುವ ಪೆಡೆರಿನ್ ಚರ್ಮವನ್ನು ಸುಡುತ್ತದೆ. ಊದಿ ಓಡಿಸಿ, ಜಾಗವನ್ನು ಸೋಪಿನಿಂದ ತೊಳೆದರೆ ಸಾಕು. ಗುಳ್ಳೆಗಳು ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಾಗಿ, ತೀವ್ರ ನೋವಿನೊಡನೆ ಎದ್ದರೆ ಅದು ಸರ್ಪಸುತ್ತು ಇರಬಹುದು. ಹಿಂದೆಂದೋ ಬಂದ ಸಿತಾಳೆ ಸಿಡುಬಿನ ವೈರಸ್ ನರದಲ್ಲಿ ಅಡಗಿದ್ದು ಮರಳಿ ಎದ್ದಿರುತ್ತದೆ. ಔಷಧಿಯನ್ನು 3 ದಿನಗಳೊಳಗೆ ಆರಂಭಿಸಿದರೆ ಗುಣ ಹೆಚ್ಚು. ಜೇಡವೆಂದು ಸೊಪ್ಪು ಅರೆದು ಹಚ್ಚುತ್ತ ಕುಳಿತರೆ ಆ ದಿನಗಳು ಕಳೆದುಹೋಗುತ್ತವೆ.

ಎಲ್ಲಕ್ಕಿಂತ ಗಂಭೀರವಾದುದು ಕಟ್ಟುಹಾವು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣುವುದಿಲ್ಲ. ‘ಜೇಡವೋ ಇರುವೆಯೋ ಕಚ್ಚಿರಬೇಕು’ ಎಂದು ಮತ್ತೆ ಮಲಗುತ್ತಾರೆ. ಕೆಲ ಗಂಟೆಗಳಲ್ಲಿ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು, ಉಸಿರಾಟಕ್ಕೆ ಕಷ್ಟ. ರೆಪ್ಪೆ ಜೋತು ಬಿದ್ದರೆ ಅದು ಮನೆಯ ಜೇಡದ ಕಡಿತವಲ್ಲ. 108ಕ್ಕೆ ಕರೆ ಮಾಡಿ, ರೋಗಿಯನ್ನು ನಡೆಸದೆ, ಕಚ್ಚಿದ ಜಾಗವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ನಮ್ಮ ದೇಶದಲ್ಲಿ ಬಳಸುವ ಹಾವಿನ ವಿಷದ ಪ್ರತಿವಿಷವು ನಾಗರ, ಕೊಳಕುಮಂಡಲ, ಗರಗಸ ಮಂಡಲಗಳ ಜತೆಗೆ ಕಟ್ಟುಹಾವಿನ ವಿಷಕ್ಕೂ ಸಲ್ಲುತ್ತದೆ.