ನೆಟ್‌ವರ್ಕ್ ಹೋದ್ರೆ ನಮ್ಮ ದುಡ್ಡು ಎಲ್ಲಿರುತ್ತೆ?

ಈ ಸಲದ ಸಂಚಿಕೆ ನಾಲ್ಕು ದಿನ ಲೇಟ್. ಕಾರಣ ಹೇಳ್ತೀನಿ, ಯಾಕಂದ್ರೆ ಆ ಕಾರಣವೇ ಇವತ್ತಿನ ವಿಷಯ.

ತೀರ್ಥಹಳ್ಳಿ ತಾಲ್ಲೂಕಿನಲ್ಲಿರೋ ಅಜ್ಜಿ ಮನೆಗೆ ಹೋಗಿದ್ದೆ. ಮಳೆಗಾಲದ ಮಲೆನಾಡು ರೀಲ್ಸ್‌ನಲ್ಲಿ ನೋಡೋಕೆ ಚೆಂದ. ಅಲ್ಲೇ ಇದ್ದರೆ ಮೊದಲು ಕರೆಂಟ್ ಹೋಗುತ್ತೆ, ಆಮೇಲೆ ಟವರ್‌ನ ಬ್ಯಾಟರಿ ಮುಗಿಯುತ್ತೆ, ಆಮೇಲೆ ಫೋನ್ ಬರೀ ಟಾರ್ಚ್ ಆಗುತ್ತೆ. ಮೂರನೇ ದಿನ ಬೆಳಿಗ್ಗೆ ಅಜ್ಜಿಯ ಇನ್ಸುಲಿನ್ ಮುಗಿಯೋಕೆ ಬಂದಿತ್ತು. ಮಾವ ತೋಟದಲ್ಲಿ ಬಿದ್ದ ಅಡಿಕೆ ಮರ ಸರಿಸ್ತಿದ್ರು. ನಾನೇ ಬೈಕ್ ತಗೊಂಡು ಪೇಟೆ ಕಡೆ ಹೊರಟೆ.

ಮೆಡಿಕಲ್‌ನಲ್ಲಿ ಇನ್ಸುಲಿನ್, ಸಿರಿಂಜ್, ಬಿಪಿ ಮಾತ್ರೆ ಎಲ್ಲ ಸೇರಿ 860 ರೂಪಾಯಿ. ನನ್ನ ಖಾತೆಯಲ್ಲಿ ಇಪ್ಪತ್ತು ಸಾವಿರದ ಮೇಲಿತ್ತು. ಪರ್ಸ್‌ನಲ್ಲಿ 140. ಫೋನ್ ತೆಗೆದು ಸ್ಕ್ಯಾನ್ ಮಾಡಿದೆ. ಕ್ಯಾಮೆರಾ ಅಂಗಡಿಯವರ ಹೆಸರಿರೋ ಐಡಿಯನ್ನ ಓದಿತು, ಅಷ್ಟೇ. ಮುಂದೆ ಚಕ್ರ ತಿರುಗ್ತಾನೇ ಇತ್ತು. ಪಕ್ಕದ ಎಟಿಎಂ ಕೂಡ ಸತ್ತಿತ್ತು. ಅದಕ್ಕೂ ಕರೆಂಟ್ ಬೇಕು, ಅದಕ್ಕೂ ಬ್ಯಾಂಕಿನ ಜೊತೆ ಸಂಪರ್ಕ ಬೇಕು. ಯುಪಿಐ ಇಲ್ಲದಿದ್ರೆ ಎಟಿಎಂ ಇದೆಯಲ್ಲ ಅನ್ನೋರು ಇದನ್ನ ಮರೀತಾರೆ.

ಅಂಗಡಿಯವರು ನನ್ನನ್ನ ಒಮ್ಮೆ ಮೇಲಿಂದ ಕೆಳಗೆ ನೋಡಿದ್ರು.

"ಯಾರ ಮನೆಯವ್ರು ನೀವು?"

"ಕೆಳಮನೆ. ಅಜ್ಜಿ ಮನೆ ಅದು."

"ಓ, ಅವರ ಅಕ್ಕನ ಮಗನಾ? ತಗೊಂಡು ಹೋಗಿ. ಮಾವ ಬಂದಾಗ ಕೊಡ್ತಾರೆ."

ಡ್ರಾಯರ್‌ನಿಂದ ಒಂದು ಉದ್ರಿ ಪುಸ್ತಕ ಬಂತು. 'ಕೆಳಮನೆ, 860' ಅಂತ ಒಂದೇ ಸಾಲು. ಬಿ.ಕಾಂನಲ್ಲಿ ಮೂರು ವರ್ಷ ಸಂಡ್ರಿ ಡೆಟರ್ಸ್ ಲೆಕ್ಕ ಬರೆದಿದ್ದೀನಿ. ಆ ಪಟ್ಟಿಯೊಳಗೆ ನಾನೇ ಕೂತಿದ್ದು ಇದೇ ಮೊದಲು.

ನನ್ನ ಹಿಂದೆ ಒಬ್ಬರು ನಿಂತಿದ್ರು, ಹೊರಗಿನವರು. ಕಾರಲ್ಲಿ ಹೆಂಡತಿ, ಜ್ವರ ಬಂದಿರೋ ಮಗು. ಸಿರಪ್‌ಗೆ 95 ರೂಪಾಯಿ. ಅವರ ಖಾತೆಯಲ್ಲೂ ದುಡ್ಡಿತ್ತು, ಕೈಯಲ್ಲಿ ಇರಲಿಲ್ಲ. ಆದರೆ ಅವರಿಗೆ ಆ ಊರಲ್ಲಿ 'ಕೆಳಮನೆ' ಇರಲಿಲ್ಲ. ಅಂಗಡಿಯವರು ಸುಮ್ಮನಾದ್ರು. ಕೆಟ್ಟವರಲ್ಲ, ಮೂರು ದಿನದಿಂದ ಎಷ್ಟು ಜನ ಅಪರಿಚಿತರು ಹೀಗೆ ಬಂದು ನಿಂತಿದ್ರೋ ಏನೋ. ನನ್ನ 140ರಲ್ಲಿ ನಾನು 95 ಕೊಟ್ಟೆ. ನೆಟ್‌ವರ್ಕ್ ಸಿಕ್ಕ ಕೂಡಲೇ ಹಾಕ್ತೀನಿ ಸಾರ್ ಅಂತ ಅವರು ನನ್ನ ನಂಬರ್ ತಗೊಂಡು ಹೋದ್ರು.

ಈಗ ಪ್ರಶ್ನೆ. ಇಷ್ಟು ಜನರ ಹತ್ರ ದುಡ್ಡಿದ್ದೂ ಯಾಕೆ ಇರಲಿಲ್ಲ?

ಉತ್ತರ ಏನಂದ್ರೆ, ನಮ್ಮ ಫೋನ್‌ನಲ್ಲಿ ದುಡ್ಡು ಇರೋದೇ ಇಲ್ಲ. ದುಡ್ಡು ಬ್ಯಾಂಕಿನ ಲೆಕ್ಕದಲ್ಲಿ ಒಂದು ಅಂಕಿ. ಫೋನ್ ಅಂದ್ರೆ ಆ ಅಂಕಿ ಬದಲಿಸಿ ಅಂತ ಅರ್ಜಿ ಹಾಕೋ ಸಾಧನ. ಅಂಗಡಿಯಲ್ಲಿ ಅಂಟಿಸಿರೋ ಕ್ಯೂಆರ್ ಬರೀ ವಿಳಾಸ, ಹಾಗಾಗಿ ಅದನ್ನ ಓದೋಕೆ ನೆಟ್ ಬೇಡ. ಪಿನ್ ಒತ್ತಿದ ಮೇಲೆ ಅರ್ಜಿ ಹೊರಡುತ್ತೆ. ಮೊದಲು ಆ್ಯಪ್‌ನ ಹಿಂದಿರೋ ಬ್ಯಾಂಕ್, ಅಲ್ಲಿಂದ ಎನ್‌ಪಿಸಿಐ, ಅಲ್ಲಿಂದ ನಿಮ್ಮ ಬ್ಯಾಂಕ್. ನಿಮ್ಮ ಬ್ಯಾಂಕ್ ಪಿನ್ ನೋಡಿ, ಬ್ಯಾಲೆನ್ಸ್ ನೋಡಿ, ದುಡ್ಡು ಕಡಿಯುತ್ತೆ. ಮತ್ತೆ ಎನ್‌ಪಿಸಿಐ, ಅಲ್ಲಿಂದ ಅಂಗಡಿಯವರ ಬ್ಯಾಂಕ್. ಕೊನೆಗೆ ಸೌಂಡ್‌ಬಾಕ್ಸ್ ಕೂಗುತ್ತೆ. ಆ ಡಬ್ಬಿಯೊಳಗೂ ಒಂದು ಸಿಮ್ ಇದೆ, ಅದಕ್ಕೂ ಸಿಗ್ನಲ್ ಬೇಕು. ಎಷ್ಟೋ ಸಲ ದುಡ್ಡು ಹೋಗಿರುತ್ತೆ, ಡಬ್ಬಿ ಕೂಗಿರಲ್ಲ. ನಾವು ಸ್ಕ್ರೀನ್ ತೋರಿಸ್ತಾ ನಿಂತಿರ್ತೀವಿ.

ಹತ್ತು ರೂಪಾಯಿ ಟೀಗೂ ಇಷ್ಟು ಓಡಾಟ. 2016ರ ಏಪ್ರಿಲ್‌ನಲ್ಲಿ 21 ಬ್ಯಾಂಕ್‌ಗಳ ಜೊತೆ ಶುರುವಾದ ಈ ವ್ಯವಸ್ಥೆ ಈಗ ಎಷ್ಟು ಸಲೀಸಾಗಿದೆ ಅಂದ್ರೆ, ಈ ಓಡಾಟ ಇದೆ ಅನ್ನೋದೇ ನಮಗೆ ಮರೆತುಹೋಗಿದೆ.

ಇದು ಮಲೆನಾಡಿನ ಕಥೆ ಮಾತ್ರ ಅಂದ್ಕೋಬೇಡಿ. ಕೆನಡಾದಲ್ಲಿ 2022ರ ಜುಲೈ 8ರಂದು ರೋಜರ್ಸ್ ಅನ್ನೋ ಟೆಲಿಕಾಂ ಕಂಪನಿಯ ನೆಟ್‌ವರ್ಕ್ ಬಿದ್ದುಹೋಯ್ತು. ಮಳೆ ಇಲ್ಲ, ಗಾಳಿ ಇಲ್ಲ, ಅವರದೇ ಅಪ್‌ಡೇಟ್ ಒಂದರಲ್ಲಿ ತಪ್ಪಾಗಿತ್ತು. ಅಲ್ಲಿನ ಡೆಬಿಟ್ ಪಾವತಿ ಜಾಲ ಇಂಟರಾಕ್ ಆ ಕಂಪನಿಯ ಲೈನ್ ಮೇಲೆ ನಿಂತಿತ್ತು. ಹಾಗಾಗಿ ಬೇರೆ ಕಂಪನಿಯ ಫೋನ್ ಇಟ್ಕೊಂಡಿದ್ದವರ ಡೆಬಿಟ್ ಕಾರ್ಡ್ ಕೂಡ ದೇಶದುದ್ದಕ್ಕೂ ನಡೀಲಿಲ್ಲ.

ನಮ್ಮಲ್ಲಿ ನೆಟ್ ಚೆನ್ನಾಗಿದ್ದೂ ಯುಪಿಐ ನಿಂತ ದಿನಗಳಿವೆ. 2025ರ ಏಪ್ರಿಲ್ 12, ಶನಿವಾರ, ನೆನಪಿದೆಯಾ? ಆವತ್ತು ಏನಾಗಿತ್ತು ಅಂತ ಹುಡುಕಿದಾಗ ಸಿಕ್ಕ ಕಾರಣ ತಮಾಷೆಯಾಗಿದೆ. 'ಆ ಪಾವತಿ ಏನಾಯ್ತು, ಏನಾಯ್ತು' ಅಂತ ಬ್ಯಾಂಕ್‌ಗಳ ಕಡೆಯಿಂದ ಪದೇ ಪದೇ ಬಂದ ವಿಚಾರಣೆಗಳ ಹೊರೆಗೇ ವ್ಯವಸ್ಥೆ ಏದುಸಿರು ಬಿಟ್ಟಿತ್ತು. ಊಟ ಆಯ್ತಾ ಅಂತ ನಿಮಿಷಕ್ಕೊಮ್ಮೆ ಕೇಳಿದ್ರೆ ಅಡುಗೆ ಮಾಡೋದು ಯಾವಾಗ? ಅದಕ್ಕೇ 2025ರ ಆಗಸ್ಟ್ 1ರಿಂದ ಮಿತಿ ಬಂತು. ಪೆಂಡಿಂಗ್ ಪಾವತಿಯ ಸ್ಥಿತಿ ಕೇಳೋದು 3 ಸಲ ಮಾತ್ರ, ನಡುವೆ 90 ಸೆಕೆಂಡ್ ಅಂತರ. ಬ್ಯಾಲೆನ್ಸ್ ನೋಡೋದು ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲ.

ಸರಿ, ನೆಟ್ ಇಲ್ಲದೇ ಪಾವತಿ ಮಾಡೋ ದಾರಿಗಳಿಲ್ವಾ? ಇವೆ. ಆದರೆ 'ನೆಟ್ ಇಲ್ಲದೇ' ಅನ್ನೋ ಮಾತಿಗೆ ಎರಡು ಅರ್ಥ ಇದೆ, ಅಲ್ಲೇ ಜನ ಎಡವೋದು.

*99# ಒತ್ತಿದ್ರೆ ಬರೋ ಸೇವೆಗೆ ಡೇಟಾ ಬೇಡ, ಕನ್ನಡದಲ್ಲೂ ಸಿಗುತ್ತೆ, ಒಂದು ಸಲಕ್ಕೆ 5,000 ರೂಪಾಯಿವರೆಗೆ ಕಳಿಸಬಹುದು. ಕೀಪ್ಯಾಡ್ ಫೋನ್‌ನವರಿಗೆ ಅಂತ 2022ರ ಮಾರ್ಚ್‌ನಲ್ಲಿ ಬಂದ ಯುಪಿಐ 123ಪೇನಲ್ಲಿ ಕರೆ ಮಾಡಿ ದುಡ್ಡು ಕಳಿಸಬಹುದು. ಎರಡಕ್ಕೂ ಡೇಟಾ ಬೇಡ, ಆದರೆ ಟವರ್ ಬೇಕೇ ಬೇಕು. ಒಂದು ಕಡ್ಡಿ ಸಿಗ್ನಲ್ ಇರೋ ಕಡೆ ಇವು ಜೀವ ಉಳಿಸ್ತವೆ. ನನ್ನ ಅಜ್ಜಿ ಮನೆ ಕಡೆ ಆವತ್ತು ಟವರೇ ಮಲಗಿತ್ತು. ಯುಪಿಐ ಲೈಟ್ ಬಗ್ಗೆಯೂ ಇದೇ ಗೊಂದಲ. ಅದರಲ್ಲಿ ಪಿನ್ ಬೇಡ, ಪ್ರತಿ ಸಲ ಬ್ಯಾಂಕಿನ ಮುಖ್ಯ ಸರ್ವರ್ ತಟ್ಟೋದೂ ಇಲ್ಲ. ಆದರೆ ಅಂಗಡಿಯ ಕ್ಯೂಆರ್‌ಗೆ ದುಡ್ಡು ಹಾಕೋಕೆ ನೆಟ್ ಬೇಕು.

ನಿಜವಾಗಲೂ ಸಿಗ್ನಲ್ಲೇ ಇಲ್ಲದೇ ನಡೆಯೋದು 2023ರ ಸೆಪ್ಟೆಂಬರ್‌ನಲ್ಲಿ ಬಂದ ಯುಪಿಐ ಲೈಟ್ ಎಕ್ಸ್. ಎರಡು ಫೋನ್ ಹತ್ತಿರ ಹಿಡಿದ್ರೆ ಎನ್‌ಎಫ್‌ಸಿ ಮೂಲಕ ದುಡ್ಡು ದಾಟುತ್ತೆ. ಎರಡೂ ಕಡೆ ಎನ್‌ಎಫ್‌ಸಿ ಇರೋ ಫೋನ್ ಬೇಕು. ಆ ಮೆಡಿಕಲ್‌ನವರ ಫೋನ್‌ನ ಗಾಜಿಗೆ ಸೆಲ್ಲೋಟೇಪ್ ಹಾಕಿತ್ತು ಅಂದ್ರೆ ಅರ್ಥ ಮಾಡ್ಕೊಳ್ಳಿ.

ಇದು ಯಾಕೆ ಇಷ್ಟು ಕಷ್ಟ? ಬ್ಲೂಟೂತ್‌ನಲ್ಲಿ ಹಾಡು ಕಳಿಸಿದ ಹಾಗೆ ದುಡ್ಡು ಕಳಿಸೋಕೆ ಯಾಕಾಗಲ್ಲ? ಹಾಡು ಕಳಿಸಿದ್ರೆ ನಿಮ್ಮ ಹತ್ರ ಒಂದು ಪ್ರತಿ ಉಳಿಯುತ್ತೆ. ದುಡ್ಡು ಹಾಗೆ ಉಳೀಬಾರದು. ನೂರರ ನೋಟನ್ನ ಒಬ್ಬರಿಗೆ ಕೊಟ್ರೆ ಅದು ನಿಮ್ಮ ಕೈ ಬಿಡುತ್ತೆ, ಮುಗೀತು. ಡಿಜಿಟಲ್ ನೂರನ್ನ ನೆಟ್ ಇಲ್ಲದಾಗ ಒಬ್ಬ ಈ ಅಂಗಡಿಯಲ್ಲೂ ಕೊಟ್ಟು, ಪಕ್ಕದ ಅಂಗಡಿಯಲ್ಲೂ ಕೊಟ್ರೆ? ಆ ಕ್ಷಣದಲ್ಲಿ ಕೇಳೋಕೆ ಬ್ಯಾಂಕ್ ಲೈನ್‌ನಲ್ಲಿ ಇಲ್ಲ. ನೆಟ್‌ವರ್ಕ್ ಮಾಡೋ ದೊಡ್ಡ ಕೆಲಸ ದುಡ್ಡು ಸಾಗಿಸೋದಲ್ಲ, 'ಹೌದು, ಇವನ ಹತ್ರ ಇದೆ' ಅಂತ ಸಾಕ್ಷಿ ಹೇಳೋದು. ಸಾಕ್ಷಿ ಇಲ್ಲದಾಗ ಯಾರಾದ್ರೂ ನಂಬಲೇಬೇಕು, ನಂಬಿಕೆ ತಪ್ಪಿದ್ರೆ ಆ ನಷ್ಟ ಯಾರಾದ್ರೂ ಹೊರಲೇಬೇಕು.

ರಿಸರ್ವ್ ಬ್ಯಾಂಕ್‌ನ ನಿಯಮಗಳನ್ನ ಈ ಕಣ್ಣಿಂದ ಓದಿದ್ರೆ ಅವು ಉದ್ರಿ ಪುಸ್ತಕದ ಹಾಗೇ ಕಾಣ್ತವೆ. 2022ರ ಜನವರಿಯಲ್ಲಿ ಆಫ್‌ಲೈನ್ ಪಾವತಿಗೆ ಚೌಕಟ್ಟು ಬಂದಾಗ ಒಂದು ಸಲಕ್ಕೆ 200 ರೂಪಾಯಿ, ಒಟ್ಟು 2,000. ಎದುರಾಬದುರು ನಿಂತೇ ಮಾಡಬೇಕು. ಖಾಲಿಯಾದ ಮೇಲೆ ತುಂಬಿಸೋಕೆ ಆನ್‌ಲೈನ್ ಬರಲೇಬೇಕು. ಅಂಗಡಿ ಕಡೆ ತಾಂತ್ರಿಕ ಎಡವಟ್ಟಾದ್ರೆ ಅದರ ಹೊಣೆ ಅಂಗಡಿಗೆ ಆ ಸೇವೆ ಕೊಟ್ಟ ಸಂಸ್ಥೆಯದ್ದು, ಅಂಗಡಿಯವರದ್ದಲ್ಲ. 2023ರಲ್ಲಿ 200 ಇದ್ದದ್ದು 500 ಆಯ್ತು. 2024ರ ಡಿಸೆಂಬರ್‌ನಲ್ಲಿ ಯುಪಿಐ ಲೈಟ್‌ಗೆ ಒಂದು ಸಲಕ್ಕೆ 1,000, ಒಟ್ಟು 5,000 ಆಯ್ತು. 'ನಿನ್ನ ಮುಖ ನೋಡದೇನೇ ಇಷ್ಟರವರೆಗೆ ನಂಬ್ತೀನಿ' ಅಂತ ವ್ಯವಸ್ಥೆ ಹೇಳ್ತಿರೋ ಮೊತ್ತ ಅದು. ಮೆಡಿಕಲ್‌ನವರು ನನಗೆ ಕೊಟ್ಟ ಮಿತಿ 860, ಅದೂ ಮಾವನ ಮುಖ ನೋಡಿ. ಆ ಕಾರಿನವರಿಗೆ ಸೊನ್ನೆ.

ನನಗನ್ನಿಸೋದು, ಎಲ್ಲರನ್ನೂ ಡಿಜಿಟಲ್ ಮಾಡೋ ಉತ್ಸಾಹದಲ್ಲಿ ಈ ಸೊನ್ನೆಯವರ ಬಗ್ಗೆ ನಾವು ಯೋಚಿಸಿದ್ದು ಕಡಿಮೆ. ನೋಟಿಗೆ ಇಲ್ಲದ ಒಂದು ಷರತ್ತು ಇಲ್ಲಿದೆ. ನೋಟು ನೀವು ಯಾರ ಮನೆಯವರು ಅಂತ ಕೇಳಲ್ಲ.

ಕೆಲಸಕ್ಕೆ ಬರೋ ಒಂದು ಮಾತು. ಸಿಗ್ನಲ್ ಬಂದು ಹೋಗಿ ಮಾಡೋ ಜಾಗದಲ್ಲಿ ಖಾತೆಯಿಂದ ದುಡ್ಡು ಕಟ್ ಆಗಿ ಅಂಗಡಿಗೆ ಖಚಿತವಾಗದಿದ್ರೆ, ಕೂಡಲೇ ಎರಡನೇ ಸಲ ಹಾಕಬೇಡಿ. 2019ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಅಂಗಡಿ ಪಾವತಿಯ ದುಡ್ಡು ಆ ದಿನ ಬಿಟ್ಟು 5 ದಿನದೊಳಗೆ ತಾನಾಗೇ ವಾಪಸ್ ಬರಬೇಕು. ಅದಕ್ಕಿಂತ ತಡವಾದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮ್ಮ ಹಕ್ಕು. ಟ್ರಾನ್ಸಾಕ್ಷನ್ ನಂಬರ್‌ನ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ.

ಟವರ್ ನಾಲ್ಕನೇ ದಿನ ಸಂಜೆ ಎದ್ದಿತು. ಒಂದೇ ಸಲಕ್ಕೆ ಇನ್ನೂರಕ್ಕೂ ಹೆಚ್ಚು ವಾಟ್ಸಾಪ್ ಮೆಸೇಜ್, ಅದರ ಮಧ್ಯೆ ಒಂದು ಬ್ಯಾಂಕ್ ಎಸ್ಸೆಮ್ಮೆಸ್. 95 ರೂಪಾಯಿ ಜಮೆ. ಮಗು ಹೇಗಿದೆ ಅಂತ ಕೇಳೋಣ ಅಂದ್ರೆ ನಾನು ಅವರ ನಂಬರ್ ತಗೊಂಡಿರಲಿಲ್ಲ. ಮಾವ ಮಾರನೇ ದಿನ ಪೇಟೆಗೆ ಹೋಗಿ 860 ಕೊಟ್ಟು ಬಂದ್ರು, ನೋಟಿನಲ್ಲೇ. ಅಂಗಡಿಯವರು ಪೆನ್ ತಗೊಂಡು ನಮ್ಮ ಸಾಲಿನ ಮೇಲೆ ಗೀಟು ಹಾಕಿದ್ರಂತೆ.

ಸಂಚಿಕೆ ಕೇಳಿದ ಮೇಲೆ ನಿಮ್ಮ ಬ್ಯಾಂಕ್‌ಗೆ ಕೊಟ್ಟಿರೋ ನಂಬರ್‌ನಿಂದ *99# ಒಮ್ಮೆ ಒತ್ತಿ ನೋಡಿ, ಮನೆಯಲ್ಲಿ ಆರಾಮಾಗಿ ಕೂತಿರುವಾಗಲೇ. ನಿಮ್ಮ ಸಿಮ್‌ನಲ್ಲಿ ನಡೀತಾ ಇಲ್ವಾ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಶುಕ್ರವಾರ ಸಿಗೋಣ, ಕರೆಂಟ್ ಇದ್ರೆ.